ಹನ್ನೆರಡು ಮೊಳ

ಐಸ್ ಪ್ಲಾಂಟಿನಿಂದ ಇವರು ಮನೆಗೆ ಬಂದಾಗ
ಬಲ ಹೆಗಲು ಮುಟ್ಟಿದರೆ
ರಾತ್ರಿಯಿಡೀ ಹೊರಗೆ ಬಿಟ್ಟ ಒರಳುಕಲ್ಲು.
ಇಪ್ಪತ್ತಾರು ವರ್ಷ ಅದೇ ಹೆಗಲು, ಅದೇ ಗೋಣಿತಟ್ಟು.
ಘಟ್ಟ ಹತ್ತಿ ಬರುವ ಮೀನಿಗೆ
ಶಿವಮೊಗ್ಗದ ಚಳಿ ಸಾಲದೆಂದು
ಇವರು ಹೊತ್ತ ಚಳಿ.

ಬಿಸಿನೀರ ಚೀಲ, ಉಪ್ಪಿನ ಗಂಟು, ನೀಲಗಿರಿ ಎಣ್ಣೆ
ಎಲ್ಲ ಅರ್ಧ ಗಂಟೆಯ ನೆಂಟರು.

ಮೋಟಾರು ವೈಂಡಿಂಗಿನ ಯಲ್ಲೋಜಿ
ಕಾಜಾ ಹಾಕಿಸಲು ಅಂಗಿ ತಂದವನು
ನನ್ನ ಹೊಲಿಗೆ ಮಿಷನ್ನಿನ ಮೇಲೆ
ಕೂದಲಿಗಿಂತ ಚೂರು ದಪ್ಪದ ತಂತಿಯ ಸುರುಳಿ ಇಟ್ಟ.
"ಹನ್ನೆರಡು ಮೊಳ ಇದೆ, ಸೆವ್ರಿನಮ್ಮ.
ಬಟ್ಟೆಯೊಳಗೆ ಹಾವು ಹರಿದ ಹಾಗೆ ಓಡಿಸಿ,
ತನ್ನ ಮೈ ತಾನು ಮುಟ್ಟಬಾರದು ಅಷ್ಟೆ.
ತುದಿ ಎರಡೂ ಬೈಕಿನ ಬ್ಯಾಟರಿಗೆ."
ಕಾವು ಎಲ್ಲಿಂದ ಬರುತ್ತಪ್ಪಾ, ಅಂದೆ.
"ತಾಮ್ರವಾದರೆ ಕರೆಂಟನ್ನು ಸುಮ್ಮನೆ ಬಿಟ್ಟುಬಿಡುತ್ತೆ.
ಇದು ಬಿಡಲ್ಲ. ಹೆಜ್ಜೆಹೆಜ್ಜೆಗೂ ಜಗಳ.
ಆ ಜಗಳದ್ದೇ ಬಿಸಿ."
ಸಂಸಾರಸ್ಥೆಗೆ ಇದನ್ನೂ ಹೇಳಿಕೊಡಬೇಕೆ, ನಕ್ಕೆ.

ಮಿಷನ್ನಿನ ಸೂಜಿಗೆ ಕಣ್ಣಿದ್ದರೂ ಕುರುಡು,
ತಂತಿಯನ್ನೇ ಚುಚ್ಚೀತು.
ಕಂಬಳಿಯ ತುಂಡು ಕೆಳಗೆ, ಫ್ಲಾನೆಲ್ ಮೇಲೆ,
ಮೂರು ರಾತ್ರಿ ಕೈಹೊಲಿಗೆ.

ಹೊದಿಸಿದಾಗ ಮೊದಲು ಏನೂ ಇಲ್ಲ.
ಆಮೇಲೆ, ಯಾರೋ ಈಗಷ್ಟೇ ಎದ್ದುಹೋದ
ಕುರ್ಚಿಯಷ್ಟು ಬೆಚ್ಚಗೆ.
ಆಮೇಲೆ ಇವರ ಗೊರಕೆ.

ಒಂದು ದಿನ ಅಂಗಿಯೊಳಗೆ ಹಾಕಿಕೊಂಡೇ ಡ್ಯೂಟಿಗೆ ಹೋದರು.
ಧಣಿ ಬೈದು ಕಳಿಸಿದ,
ಹೊತ್ತ ಐಸೆಲ್ಲ ಬೆನ್ನಿಗಿಳಿದರೆ
ಮೀನಿಗೇನು ಕೊಡಲಿ, ಅಂತ.

ಹಾಗೆ ಸುದ್ದಿ ಮಾರ್ಕೆಟ್ಟಿಗೆ ಮುಟ್ಟಿ
ಬಂಗುಡೆ ಮಾರುವ ಜಲಜಕ್ಕ ಬಂದಳು,
ಐಸಿನೊಳಗೆ ಆಡಿ ಆಡಿ
ಒಂದು ರೂಪಾಯಿ ಯಾವುದು ಎರಡು ಯಾವುದು
ಗೊತ್ತಾಗದ ಬೆರಳು ಚಾಚಿಕೊಂಡು.
"ನಂಗೂ ಒಂಚೂರು."

ಒಂಚೂರು ಕೇಳಿದರೆ ಜನ ಏನು ಮಾಡುತ್ತಾರೆ?
ರೊಟ್ಟಿ ಮುರಿಯುತ್ತಾರೆ, ಅರಿವೆ ಹರಿಯುತ್ತಾರೆ.
ಇವರಿಲ್ಲದ ಹೊತ್ತು ಹೊಲಿಗೆ ಬಿಚ್ಚಿ
ಆರು ಮೊಳಕ್ಕೆ ಕತ್ತರಿ ಹಾಕಿದೆ.
ಅರ್ಧ ತಂತಿಗೆ ಅರ್ಧ ಬಿಸಿ.
ದರ್ಜಿಯ ಲೆಕ್ಕ.

ಕೂಸಿನ ಮೀಯುವ ನೀರು ನೋಡುವ ಹಾಗೆ
ಮಣಿಕಟ್ಟು ಇಟ್ಟು ನೋಡಿದೆ.
ಚುರ್.
ಫ್ಲಾನೆಲ್ ಕಂದಿತು. ಇಲ್ಲಿ ನೋಡಿ, ಇವತ್ತಿಗೂ
ಓಡುಹೊಲಿಗೆಯಂಥ ಗೆರೆ.

ಯಲ್ಲೋಜಿ ಹಣೆ ಚಚ್ಚಿಕೊಂಡ.
"ದಾರಿ ಗಿಡ್ಡ ಆದರೆ ತಡೆಯೋದು ಕಮ್ಮಿ, ನುಗ್ಗೋದು ಜಾಸ್ತಿ.
ಅರ್ಧ ಮಾಡಿದರೆ ಎರಡರಷ್ಟು ಉರಿ, ತಾಯಿ!
ಹಂಚಬೇಕಾದರೆ ಇದನ್ನ ಹರೀಬಾರದು,
ಜೋಡಿಸಬೇಕು."

ಜೋಡಿಸಿದೆವು. ಆರು ಮೊಳ ಇವರ ಹೆಗಲಿಗೆ,
ನಡುವೆ ಒಂದು ಗಂಟು,
ಆರು ಮೊಳ ಜಲಜಕ್ಕನ ಎರಡೂ ಕೈ ಹಿಡಿಸುವ ಚೀಲಕ್ಕೆ.
ಬ್ಯಾಟರಿ ಒಂದೇ.

ಈಗ ಸಂಜೆ ಏಳಕ್ಕೆ ನನ್ನ ಅಂಗಡಿಯ ಬೆಂಚಿನ ಮೇಲೆ
ಐಸಿನ ತೂಕಕ್ಕೆ ಹನ್ನೊಂದು ವರ್ಷ ಕಚ್ಚಾಡಿದ ಇಬ್ಬರೂ
ಎರಡು ತುದಿಗೆ ಕೂರುತ್ತಾರೆ.
ಮಾತಿಲ್ಲ.
ಇವರು ಬೀಡಿಗೆಂದು ಎದ್ದರೆ ಎಳೆ ಜಗ್ಗಿ
ಆಕೆಯ ಬೆರಳು ತಣ್ಣಗಾಗುತ್ತದೆ.
"ಕೂತ್ಕೋ ಮಾರಾಯ!"
ಕೂರುತ್ತಾರೆ. ನಾನು ಹೇಳಿದ್ದರೆ ಕೂರುತ್ತಿರಲಿಲ್ಲ.

ಬೀದಿ ಏನಾದರೂ ಅಂದುಕೊಳ್ಳಲಿ.
ನಡುವಿನ ಗಂಟು ಸ್ವಲ್ಪ ಸಡಿಲ ಬಿದ್ದಿದೆ,
ಅಲ್ಲಿ ಒಂಚೂರು ಹೆಚ್ಚೇ ಬಿಸಿ.
ಸರಿ ಮಾಡಿಕೊಡುತ್ತೇನೆ ಅಂದ ಯಲ್ಲೋಜಿ.
ಬೇಡ ಅಂದೆ.
ಅದಕ್ಕೆ ದಪ್ಪ ಬಟ್ಟೆ ಸುತ್ತಿ, ಅಂಗಾಲು ಅದರ ಮೇಲಿಟ್ಟುಕೊಂಡು
ಕಾಜಾ ಹಾಕುತ್ತಿರುತ್ತೇನೆ.